ಊಟವಾದ ಮೇಲೆ ಬಾದಾಮಿಯ ಮೆಟ್ಟಿಲು

ಬೈಪಾಸ್ ಆಯಿತೆಂದರೆ ಹೃದಯದ ರೋಗ ಹೋಯಿತು ಎಂಬುದು ನಮ್ಮ ಬಂಧುಬಳಗದ ಗಟ್ಟಿ ನಂಬಿಕೆ. ಆಮೇಲೂ ಎದೆ ನೋಯುತ್ತದೆ ಎಂದರೆ ಒಂದೋ ವೈದ್ಯರು ಕೆಲಸ ಕೆಡಿಸಿರಬೇಕು, ಇಲ್ಲವೇ ರೋಗಿಯ ಮನಸ್ಸಿನಲ್ಲೇ ಅಳುಕು ಕೂತಿರಬೇಕು ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ನನ್ನ ವಿಷಯದಲ್ಲಿ ಎರಡೂ ನಿಜವಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು, ಕೆಲವು ವರ್ಷ ನೋವಿನ ನೆನಪೂ ಇಲ್ಲದಂತೆ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಅನಂತರ ಆ ಎದೆನೋವು, ವೈದ್ಯರು ಆಂಜೈನಾ ಎನ್ನುವುದು, ಮೆಲ್ಲಗೆ ಮರಳಿ ಬಂದು ನನ್ನಲ್ಲೇ ಉಳಿದುಕೊಂಡಿದೆ. ಕಳೆದ ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋದ ದಿನ ಮನೆಯವರೆಲ್ಲ ಅದನ್ನು ಮೊದಲ ಸಲ ಕಣ್ಣಾರೆ ಕಂಡರು.

ನನಗೆ ಮೂರು ಕಡೆ ಹೊಸ ನಾಳ ಜೋಡಿಸಿದ್ದರು: ಎದೆಗೂಡಿನ ಒಳಮೈಯಲ್ಲಿ ಹರಿಯುವ ಅಪಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ, ಕಾಲಿನಿಂದ ತೆಗೆದ ಅಭಿಧಮನಿಯ ತುಂಡುಗಳನ್ನು ಉಳಿದೆರಡಕ್ಕೆ. ಕಾಲಿನ ನಾಳವನ್ನು ಹೀಗೆ ಬಳಸುವ ಕ್ರಮವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೆನೆ ಫಾವಲೊರೊ ರೂಢಿಗೆ ತಂದರು; ಎಷ್ಟೋ ಜೀವಗಳನ್ನು ಉಳಿಸಿದ ಕೆಲಸವದು. ಆದರೆ ಕಾಲಿನ ಅಭಿಧಮನಿ ಕಡಿಮೆ ಒತ್ತಡದ ರಕ್ತಕ್ಕೆಂದು ಹುಟ್ಟಿದ್ದು. ಅಪಧಮನಿಯ ಒತ್ತಡವನ್ನು ಹಗಲಿರುಳು ತಾಳುತ್ತ ಅದರ ಒಳಗೋಡೆ ದಪ್ಪವಾಗುತ್ತದೆ, ಮುಂದೆ ಅಲ್ಲಿಯೂ ಕೊಬ್ಬು ಕಟ್ಟುತ್ತದೆ. ಎದೆಯ ಅಪಧಮನಿಯ ಜೋಡಣೆಗಳಲ್ಲಿ 10 ವರ್ಷಗಳ ನಂತರವೂ ಶೇ. 90ರಷ್ಟು ತೆರೆದಿರುತ್ತವೆ, ಕಾಲಿನವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಷ್ಟರೊಳಗೆ ಮುಚ್ಚಿರುತ್ತವೆ. ಹೊಸ ಕಾಲುವೆ ತೋಡಿದ ಮಾತ್ರಕ್ಕೆ ಹೊಳೆಯ ನೀರಿನಲ್ಲಿರುವ ಹೂಳು ಎಲ್ಲಿಗೂ ಹೋಗುವುದಿಲ್ಲ ಎಂದು ಆಲಮಟ್ಟಿಯ ನೀರು ಕುಡಿಯುವ ನಮ್ಮವರಿಗೆ ನಾನು ಹೇಳುವುದುಂಟು. ಎರಡನೆಯ ಆಂಜಿಯೋಗ್ರಾಮ್‌ನಲ್ಲಿ ನನ್ನ ಕಾಲಿನ ನಾಳಗಳಲ್ಲೊಂದು ಪೂರ್ತಿ ಮುಚ್ಚಿತ್ತು. ಅದು ರಕ್ತ ಕೊಡುತ್ತಿದ್ದ ಹೃದಯದ ನಾಳವಂತೂ ಒಳಗಿನಿಂದ ತೆರೆದು ಹಿಡಿಯುವ ಸ್ಟೆಂಟ್ ಎಂಬ ಜಾಲರಿ ಹಾಕಲಾಗದಷ್ಟು ಸಣ್ಣದು. ಮತ್ತೊಮ್ಮೆ ಎದೆ ತೆರೆದರೆ ಸಿಗುವ ಲಾಭಕ್ಕಿಂತ ಅಪಾಯವೇ ಹೆಚ್ಚು ಎಂದು ವೈದ್ಯರು ಹೇಳಿದ ಮೇಲೆ ಗುಳಿಗೆಗಳೊಂದಿಗೆ ಬಾಳುವುದೆಂದು ಗೊತ್ತಾಯಿತು.

ಕ್ರಿಸ್‌ಮಸ್ ರಜೆಗೆ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಬಾಗಲಕೋಟೆಯ ನವನಗರಕ್ಕೆ ಬಂದಿದ್ದರು. ಹುಬ್ಬಳ್ಳಿಯಿಂದ ನಾದಿನಿಯೂ ಬಂದಿದ್ದಳು. ಬೆಳಗಿನ ಚಳಿ ಇಳಿದ ಮೇಲೆ ಗುಹೆಗಳನ್ನು ನೋಡಿ, ಅನಂತರ ಬನಶಂಕರಿಯಲ್ಲಿ ಊಟ ಮಾಡೋಣ ಎಂಬುದು ನನ್ನ ಲೆಕ್ಕವಾಗಿತ್ತು. ಚಳಿಗಾಳಿ, ಏರು, ತುಂಬಿದ ಹೊಟ್ಟೆ ಈ ಮೂರರಲ್ಲಿ ಎರಡು ಒಟ್ಟಿಗೆ ಸೇರದಂತೆ ದಿನವನ್ನು ಹೊಂದಿಸುವುದು ನನಗೀಗ ರೂಢಿಯಾಗಿದೆ. ಆದರೆ ಮನೆ ಬಿಡುವುದೇ ತಡವಾಯಿತು. "ವೈನಿ, ಖಾಲಿ ಹೊಟ್ಟೀಲೆ ಏನ್ ಗುಡ್ಡ ಹತ್ತೋದು? ಮೊದ್ಲ ತಾಯಿ ದರ್ಶನ ಮಾಡಿ, ರೊಟ್ಟಿ ಉಂಡು ಹೋಗೋಣು" ಎಂದು ನಾದಿನಿ ಹೇಳಿದ ಮೇಲೆ ಕಾರು ನೇರ ಬನಶಂಕರಿಗೆ ಹೋಯಿತು. ಗುಡಿಯ ಬಳಿ ಬುಟ್ಟಿ ಹೊತ್ತು ಕೂರುವ ಹೆಣ್ಣುಮಕ್ಕಳ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರನ್ನು ಬಲ್ಲವರು ನಾನು ಅಲ್ಲಿ ಅರೆಹೊಟ್ಟೆ ಉಂಡೆನೆಂದರೆ ನಂಬಲಾರರು, ಆದರೂ ಅರೆಹೊಟ್ಟೆಯೇ ಉಂಡೆ. ಒಂದು ತಾಸು ಮರದ ನೆರಳಲ್ಲಿ ಕೂತಿದ್ದೂ ಆಯಿತು.

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಈ ನೋವನ್ನು ಮೊದಲು ಸ್ಪಷ್ಟವಾಗಿ ವಿವರಿಸಿದಾಗ, ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಮತ್ತು ಉಂಡ ಬೆನ್ನಿಗೇ ಅದು ಬರುತ್ತದೆ, ನಿಂತರೆ ಹೋಗುತ್ತದೆ ಎಂದು ಹೇಳಿದ್ದನು. ಉಂಡ ಮೇಲೆ ಕರುಳಿಗೆ ಹೆಚ್ಚು ರಕ್ತ ಬೇಕು, ಮೆಟ್ಟಿಲು ಹತ್ತುವಾಗ ಕಾಲಿಗೆ ಹೆಚ್ಚು ರಕ್ತ ಬೇಕು, ಎರಡನ್ನೂ ಒದಗಿಸಲು ಹೃದಯ ದುಡಿಯುವಾಗ ಅದಕ್ಕೇ ಬೇಕಾದಷ್ಟು ರಕ್ತ ಸಿಗುವುದಿಲ್ಲ.

ಬನಶಂಕರಿಯಿಂದ ಗುಹೆಗಳಿಗೆ ಬಂದು, ಟಿಕೆಟ್ ತೆಗೆದುಕೊಂಡು ಮೊದಲನೆಯ ಗುಹೆಯವರೆಗೆ ನಿಧಾನವಾಗಿ ಹತ್ತಿದೆ, ಏನೂ ಆಗಲಿಲ್ಲ. ಹದಿನೆಂಟು ಕೈಗಳ ನಟರಾಜನ ಮುಂದೆ ಮೊಮ್ಮಗಳು ಕೈಗಳನ್ನು ಎಣಿಸಿ, ತಪ್ಪಿ, ಮತ್ತೆ ಎಣಿಸುವವರೆಗೆ ನನಗೆ ಸಾಕಷ್ಟು ವಿಶ್ರಾಂತಿಯೂ ಸಿಕ್ಕಿತು. ಎರಡನೆಯ ಗುಹೆಯ ಕಡೆಗೆ ಹತ್ತುವಾಗ, ಹಿಂದೆ ಬಂದ ಶಾಲಾಮಕ್ಕಳ ಗುಂಪಿಗೆ ದಾರಿ ಬಿಡಲಾಗದೆ ಅವರ ವೇಗಕ್ಕೆ ನಾಲ್ಕು ಹೆಜ್ಜೆ ಹಾಕಬೇಕಾಯಿತು, ಅಷ್ಟಕ್ಕೇ ಅದು ಬಂದಿತು. ನನಗದು ಎದೆಯಲ್ಲಿ ಶುರುವಾಗುವುದಿಲ್ಲ. ಮೊದಲು ಎಡದವಡೆಯ ಕೆಳಗೆ, ಹಿಂದಿನ ಹಲ್ಲುಗಳ ಬೇರಿನಲ್ಲಿ ಒಂದು ಜುಮ್ಮು; ಅನಂತರ ಗಂಟಲಿನ ಗುಳಿಯಲ್ಲಿ ಬಿಗಿತ; ಆಮೇಲೆ ಎದೆಮೂಳೆಯ ಹಿಂದೆ ಯಾರೋ ಅಂಗೈಯಿಟ್ಟು ಅದುಮಿದಂಥ ಭಾರ. ಇಲ್ಲಿ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ, ಮುಷ್ಟಿಯನ್ನೇ ಎದೆಯ ಮೇಲಿಡಬೇಕಾಗುತ್ತದೆ.

ಬದಿಗೆ ಸರಿದು ಮೆಟ್ಟಿಲ ಮೇಲೆ ಕುಳಿತೆ. ಕುಳಿತೇ ಗುಳಿಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅದು ರಕ್ತನಾಳಗಳನ್ನು ಸಡಿಲಿಸುವುದರಿಂದ ರಕ್ತದೊತ್ತಡ ಇಳಿದು ನಿಂತವರು ಬೀಳಬಹುದು. ಚೀಲದ ಹೊರಜೇಬಿನಿಂದ ಸಾರ್ಬಿಟ್ರೇಟ್ ಪಟ್ಟಿ ತೆಗೆದು, 5 ಮಿಲಿಗ್ರಾಂನ ಒಂದು ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು ಗಡಿಯಾರ ನೋಡಿದೆ. ಅಷ್ಟರಲ್ಲಿ ಸುತ್ತ ಗದ್ದಲವೆದ್ದಿತ್ತು. "ಗ್ಯಾಸ್ ಆಗೇತಿ ವೈನಿ, ಸೋಡಾ ತರಸ್ತೀನಿ ತಡೀರಿ" ಎಂದಳು ನಾದಿನಿ. ಮಗನ ಮುಖ ಬಿಳಿಚಿಕೊಂಡಿತ್ತು. "ಅವ್ವಾ, 108ಕ್ಕ ಫೋನ್ ಮಾಡ್ಲೇನು?" ಎಂದ. ಬಾಯಿ ತೆರೆದರೆ ಗುಳಿಗೆ ಜಾರುವುದರಿಂದ ಐದು ಬೆರಳು ತೋರಿಸಿ, ಪಕ್ಕದಲ್ಲಿ ಕೂರಲು ಸನ್ನೆ ಮಾಡಿದೆ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಇನ್ನೊಂದು ಗುಳಿಗೆ ಇಟ್ಟುಕೊಂಡು ಆಂಬುಲೆನ್ಸ್ ಕರೆಯಬೇಕು ಎಂದು ನನ್ನ ವೈದ್ಯರು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ. ಆ ಕಾಗದ ಚೀಲದಲ್ಲೇ ಇತ್ತು, ಸೊಸೆ ಅದನ್ನು ಓದಿ ಗಂಡನಿಗೆ ತೋರಿಸಿದಳು.

ಮೂರನೆಯ ನಿಮಿಷದ ಹೊತ್ತಿಗೆ ಎದೆಯ ಭಾರ ಹಗುರಾಯಿತು, ದವಡೆಯದು ಎಲ್ಲಕ್ಕಿಂತ ಕೊನೆಗೆ ಹೋಯಿತು. ಬದಲಿಗೆ ಮುಖ ಬಿಸಿಯಾಗಿ, ಕಪಾಳದ ನರಗಳು ಪಟಪಟನೆ ಬಡಿಯುವ ತಲೆನೋವು ಬಂದಿತು. ಮೊದಮೊದಲು ಈ ತಲೆನೋವಿಗೇ ನಾನು ಹೆಚ್ಚು ಹೆದರುತ್ತಿದ್ದೆ, ಈಗ ಅದು ಬಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದು ಸಮಾಧಾನ.

ಆ ಹೊತ್ತಿನಲ್ಲಿ ನನಗೆ ಭಯವಿರಲಿಲ್ಲ ಎಂದರೆ ಮಗ ಈಗಲೂ ನಂಬುವುದಿಲ್ಲ. ಭಯಪಡಬೇಕಾದ ನೋವು ಬೇರೆ: ಸುಮ್ಮನೆ ಕೂತಾಗ, ಮಲಗಿದಾಗ ಬರುವುದು, ಮೊದಲಿಗಿಂತ ಕಡಿಮೆ ನಡಿಗೆಗೇ ಬರುವುದು, ಗುಳಿಗೆಗೆ ಬಗ್ಗದಿರುವುದು. ಇಷ್ಟು ಏರು ಹತ್ತಿದರೆ ಇಷ್ಟು, ನಿಂತರೆ ಇಲ್ಲ ಎಂಬಂತೆ ತಿಂಗಳುಗಟ್ಟಲೆ ಒಂದೇ ಪ್ರಮಾಣದಲ್ಲಿರುವ ನೋವಿನೊಂದಿಗೆ ಬಾಳಬಹುದು. ಅದನ್ನು ನಮ್ಮವರಿಗೆ ತಿಳಿಸಿ ಹೇಳುವುದೇ ಕಷ್ಟ, ಏಕೆಂದರೆ ಅವರ ಪಾಲಿಗೆ ನಾನು ಬೆಳಿಗ್ಗೆಯವರೆಗೆ ಪೂರ್ತಿ ಗುಣವಾದವಳು, ಮಧ್ಯಾಹ್ನದಿಂದ ಸಾಯಲು ಸಿದ್ಧಳಾದವಳು. ಇವೆರಡರ ನಡುವೆ ದಿನಸಿ ತರುವ, ಜಗಳವಾಡುವ, ಮದುವೆಗೆ ಹೋಗಿ ಬರುವ ಒಂದು ಇಡೀ ಬದುಕು ಇದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಚಾಲುಕ್ಯ ಅರಸು ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಕೆತ್ತಿಸಿದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಗೆ ಉಳಿದವರು ಹೋಗಿಬಂದರು. ನಾದಿನಿ ಮಾತ್ರ ನನ್ನ ಜೊತೆ ಕೂತಳು. ಮುಂದಿನ ಭೇಟಿಯಲ್ಲಿ ವೈದ್ಯರು ಎಲ್ಲವನ್ನೂ ಕೇಳಿ, ಹೃದಯದ ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್ ಪ್ರಮಾಣವನ್ನು ತುಸು ಏರಿಸಿದರು. ಬಡಿತಗಳ ನಡುವಿನ ಬಿಡುವಿನಲ್ಲೇ ಹೃದಯದ ಸ್ನಾಯುವಿಗೆ ಹೆಚ್ಚಿನ ರಕ್ತ ಸಿಗುವುದರಿಂದ ಆ ಬಿಡುವು ಉದ್ದವಾದಷ್ಟೂ ಒಳ್ಳೆಯದು. ಏರು ಹತ್ತಲೇಬೇಕೆಂದು ಮೊದಲೇ ಗೊತ್ತಿದ್ದರೆ ಐದು-ಹತ್ತು ನಿಮಿಷ ಮುಂಚೆಯೇ ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಳ್ಳಬಹುದು ಎಂದೂ ಹೇಳಿದರು.

ಅಂದು ಮೆಟ್ಟಿಲ ಮೇಲೆ ಕೂತಿದ್ದಾಗ ನಾದಿನಿ ಬಹಳ ಹೊತ್ತು ಸುಮ್ಮನಿದ್ದು, "ನನಗೂ ಮಾಳಿಗಿ ಹತ್ತೂ ಮುಂದ ಹಿಂಗ ದವಡಿ ಹಿಡಿತೈತಿ ವೈನಿ, ಹಲ್ಲಿಂದು ಅಂತ ಬಿಟ್ಟೀನಿ" ಎಂದಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಹುಬ್ಬಳ್ಳಿಗೆ ಹೋದ ಮೇಲೆ ಇಸಿಜಿ ಮಾಡಿಸಿಕೊಂಡು, ನಾರ್ಮಲ್ ಬಂತೆಂದು ಖುಷಿಯಿಂದ ಫೋನ್ ಮಾಡಿದಳು. ಮಲಗಿಸಿ ತೆಗೆದ ಇಸಿಜಿ ಇಂಥ ನೋವಿನವರಲ್ಲಿ ನಾರ್ಮಲ್ ಇರಬಹುದು, ನಡೆಸಿ ನೋಡುವ ಟಿಎಂಟಿ ಬೇಕೋ ಏನು ಎಂದು ಹೃದಯದ ಡಾಕ್ಟರನ್ನೇ ಕೇಳು ಎಂದು ಹೇಳಿದ್ದೇನೆ. ಸಂಕ್ರಾಂತಿ ಮುಗಿಯಲಿ ಎಂದಳು, ಆಮೇಲೆ ಯಾರದೋ ಮದುವೆ ಎಂದಳು. ಈಗ ಅವಳ ಮಗನಿಗೇ ಹೇಳಿದ್ದೇನೆ.