ಮರದ ಜಗಳ ಮರದ ಬುಡದಲ್ಲೇ ಬಗೆಹರೀಬೇಕು

ಗ್ರಾಮ ಪಂಚಾಯ್ತಿಗೆ ಬರೋ ಜಗಳಗಳಲ್ಲಿ ನೀರಿನ ಜಗಳ ಬೇಸಿಗೇಲಿ, ಮನೆ ಗ್ರಾಂಟಿನ ಜಗಳ ಪಟ್ಟಿ ಬಂದಾಗ, ಆದ್ರೆ ಮರದ ಜಗಳ ಮತ್ತೆ ಜಾಗದ ಜಗಳ ಮಾತ್ರ ವರ್ಷ ಪೂರ್ತಿ ಇರುತ್ತೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ನಾನು ಒಂದು ಅವಧಿ ಮೆಂಬರ್ ಆಗಿದ್ದೆ, ಮಹಿಳಾ ಮೀಸಲಾತೀಲಿ ಗೆದ್ದು ಬಂದವಳು. ಅಲ್ಲಿ ನನಗೆ ಗಟ್ಟಿಯಾಗಿ ಅನಿಸಿದ್ದು ಏನಂದ್ರೆ ಇಂಥ ಜಗಳನ ಸಭಾಂಗಣದಲ್ಲಿ ಫ್ಯಾನ್ ಕೆಳಗೆ ಕೂತು ತೀರ್ಮಾನ ಮಾಡೋಕೆ ಹೋದ್ರೆ ಅದು ಪಾರ್ಟಿ ಜಗಳನೋ ಜಾತಿ ಜಗಳನೋ ಆಗಿ ಹೊರಗೆ ಬರುತ್ತೆ, ಅದೇ ಎರಡೂ ಕಡೆಯವರನ್ನ ಮರದ ಬುಡಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದ್ರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ. ಈಗಲೂ ಊರಲ್ಲಿ ಯಾರಾದ್ರೂ ಇಂಥ ವಿಷಯಕ್ಕೆ ಸಲಹೆ ಕೇಳ್ಕೊಂಡು ಮನೆಗೆ ಬರ್ತಾರೆ, ಅದಕ್ಕೆ ಒಂದ್ಸಲ ಕೂತು ಬರೆದುಬಿಡೋಣ ಅನಿಸ್ತು.

ಒಂದು ಹುಣಸೆ ಮರದ ವಿಷಯ ಹೇಳ್ತೀನಿ. ಹಳೇ ಮರ, ಇಬ್ಬರು ಸೇರಿ ತಬ್ಬಿದ್ರೂ ಕೈಗೆ ಕೈ ಸಿಗಲ್ಲ, ಬೀದಿ ಅಂಚಲ್ಲಿ ಪಂಚಾಯ್ತಿ ಜಾಗದಲ್ಲಿದೆ. ಪಕ್ಕದ ಮನೆಯವರು ಅರ್ಜಿ ಕೊಟ್ರು, ಬೇರು ನುಗ್ಗಿ ಗೋಡೆ ಬಿರುಕು ಬಿಟ್ಟಿದೆ, ಮರ ತೆಗೆಸಿಕೊಡಿ ಅಂತ. ಎದುರು ಮನೆ ಅಜ್ಜಿ ಅದಕ್ಕೆ ತಕರಾರು, ಆ ಮರದ ಹಣ್ಣು ಬಡಿದು, ಕುಟ್ಟಿ, ಬೀಜ ತೆಗೆದು ಮಾರೋದ್ರಲ್ಲಿ ಅವರ ಮನೆಗೆ ವರ್ಷಕ್ಕಿಷ್ಟು ದುಡ್ಡು ಬರುತ್ತೆ. "ನಮ್ಮತ್ತೆ ಕಾಲದಿಂದ ಬಡೀತಿದೀವಿ ಕಣವ್ವ, ಮರ ಕಡುದ್ರೆ ನಾನು ಆಫೀಸ್ ಮುಂದೆನೇ ಕೂರ್ತೀನಿ" ಅಂದ್ರು. ಅರ್ಜಿ ಕೊಟ್ಟ ಮನೆಯವರು, "ಅಕ್ಕಾ, ಗೋಡೆ ಬಿದ್ದು ನಮ್ಮ ಹುಡುಗ್ರ ಮೇಲೆ ಬಂದ್ರೆ ಅಜ್ಜಿ ಬರ್ತಾಳಾ" ಅಂತಾರೆ. ಮೀಟಿಂಗಲ್ಲಿ ಮೆಂಬರ್‌ಗಳು ಎರಡು ಭಾಗ ಆದ್ರು, ಹುಣಸೆ ಮರ ಮನೆ ಹತ್ರ ಇರಬಾರದು ದೆವ್ವ ಇರುತ್ತೆ ಅನ್ನೋ ಮಾತೂ ಬಂತು, ಕೈ ಎತ್ತಿಸಿ ಮುಗಿಸೋಣ ಅಂತ ಯಾರೋ ಅಂದ್ರು. ನಾನು ಮತ್ತೆ ಇನ್ನಿಬ್ಬರು ಹೆಣ್ಮಕ್ಕಳು ಬೇಡ, ಹೋಗಿ ನೋಡಿ ಬರೋಣ ಅಂತ ಹಟ ಹಿಡಿದ್ವಿ.

ಹೋಗಿ ನೋಡಿದ್ರೆ ಬಿರುಕು ಇರೋದು ನಿಜ, ಬೆರಳು ತೂರುವಷ್ಟು. ಆದ್ರೆ ಬಿರುಕು ಇದ್ದದ್ದು ಮರದ ಕಡೆ ಮೂಲೇಲಿ ಅಲ್ಲ, ಚರಂಡಿ ಕಡೆ ಮೂಲೇಲಿ. ಅವರ ಮನೆ ಮುಂದೆ ಗಾಡಿ ಹತ್ತಿಸೋಕೆ ಚರಂಡಿ ಮೇಲೆ ಕಾಂಕ್ರೀಟ್ ಹಾಕಿದ್ರು, ಕೆಳಗೆ ಪೈಪ್ ಇಟ್ಟಿರಲಿಲ್ಲ, ನೀರು ಮುಂದಕ್ಕೆ ಹೋಗೋಕೆ ದಾರಿ ಇಲ್ದೆ ಪಾಯದ ಕೆಳಗೆ ಇಳೀತಿತ್ತು. ವಾಟರ್‌ಮ್ಯಾನ್ ಸಲಿಕೆ ತಗೊಂಡು ಗೋಡೆ ಪಕ್ಕ ಒಂದಡಿ ಅಗೆದ, ಮಣ್ಣು ಕೆಸರಾಗಿ ಬಂತು, ವಾಸನೆ ಸಮೇತ. ಬೇರೂ ಸಿಕ್ತು, ಹೆಬ್ಬೆರಳು ದಪ್ಪ, ನೀರು ಇದ್ದಲ್ಲಿಗೆ ಬೇರು ಬಂದೇ ಬರುತ್ತೆ. ಅಲ್ಲಿ ಯಾರೂ ಜೋರು ಮಾತಾಡಲಿಲ್ಲ. ಚರಂಡಿಗೆ ಪೈಪ್ ಹಾಕಿಸೋದು, ಹೆಂಚಿನ ಮೇಲೆ ಬಂದಿರೋ ಎರಡು ಕೊಂಬೆನ ಅನುಮತಿ ತಗೊಂಡು ತೆಗೆಸೋದು, ಮರ ಉಳಿಸೋದು, ಹಣ್ಣು ಎಂದಿನ ಹಾಗೆ ಅಜ್ಜಿ ಬಡಿಯೋದು ಅಂತ ಅಲ್ಲೇ ನಿಂತು ಒಪ್ಪಿಕೊಂಡು ಆಮೇಲೆ ನಡವಳಿ ಪುಸ್ತಕದಲ್ಲಿ ಬರೆಸಿದ್ವಿ.

ಅನುಮತಿ ಅಂದೆ ನೋಡಿ, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಪಂಚಾಯ್ತಿ ತೀರ್ಮಾನ ಮಾಡಿದ ತಕ್ಷಣ ಮರ ಕಡಿಯೋ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ಅನುಮತಿ ಕೊಡೋದು ವೃಕ್ಷಾಧಿಕಾರಿ, ಅಂದ್ರೆ ಅರಣ್ಯ ಇಲಾಖೆ ಅಧಿಕಾರಿ, ಮರ ಪಂಚಾಯ್ತಿ ಜಾಗದಲ್ಲೇ ಇದ್ರೂ ಅಷ್ಟೇ. ಕಡಿಯೋದು ಅಂದ್ರೆ ಬುಡಕ್ಕೆ ಗರಗಸ ಹಾಕೋದು ಮಾತ್ರ ಅಲ್ಲ, ಕೊಂಬೆ ಸವರೋದು, ಸುತ್ತ ತೊಗಟೆ ಕೆತ್ತೋದು, ಔಷಧಿ ಸುರಿಯೋದು, ಬೆಂಕಿ ಹಾಕೋದು ಎಲ್ಲಾ ಕಾಯ್ದೇಲಿ ಅದರೊಳಗೇ ಬರುತ್ತೆ. ಹಳ್ಳಿ ಕಡೆ ನೀಲಗಿರಿ, ಗಾಳಿಮರ, ತೆಂಗು, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಇಂಥವಕ್ಕೆ ವಿನಾಯಿತಿ ಇದೆ, ಅದು ರೈತರಿಗೆ ಅನುಕೂಲ ಆಗಲಿ ಅಂತ. ಆದ್ರೆ ಬೀದೀಲಿರೋ ಬೇವು, ಹುಣಸೆ, ಅರಳಿಗೆ ಆ ವಿನಾಯಿತಿ ಹೇಳ್ಕೊಂಡು ಬರೋರಿದಾರೆ, ನಂಬಬೇಡಿ.

ಇನ್ನು ಮರ ನಿಜವಾಗ್ಲೂ ಬೀಳೋ ಸ್ಥಿತೀಲಿದ್ರೆ? ಬುಡ ಪೊಳ್ಳಾಗಿ, ಸ್ಕೂಲ್ ಕಡೆ ವಾಲಿದ್ರೆ? ಆಗ ಪಂಚಾಯ್ತಿ ಅಲ್ಲದೆ ತಹಶೀಲ್ದಾರ್ ಹತ್ರನೂ ಹೋಗಬಹುದು, ಅವರು ತಾಲ್ಲೂಕು ದಂಡಾಧಿಕಾರಿನೂ ಹೌದಲ್ಲ. ಬೀಳೋ ಹಾಗಿರೋ ಮರ ತೆಗೆಸು ಅಥವಾ ಊರೆ ಕೊಟ್ಟು ನಿಲ್ಲಿಸು ಅಂತ ಮಾಲೀಕರಿಗೆ ಆದೇಶ ಕೊಡೋ ಅಧಿಕಾರ ಹಳೇ ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್‌ನಲ್ಲಿತ್ತು, 2024ರ ಜುಲೈಯಿಂದ ಅದರ ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 152ನೇ ಸೆಕ್ಷನ್. ಜನ ಈ ದಾರಿ ಬಿಟ್ಟು ಭಾನುವಾರ ಬೆಳಿಗ್ಗೆ ಮಷಿನ್ ಗರಗಸ ತರಿಸ್ತಾರೆ, ಅದೇ ದುಃಖ. ನಮ್ಮ ಬಸ್ ಸ್ಟಾಪ್ ಹತ್ರದ ಬೇವಿನ ಮರ ಹಂಗೇ ಹೋಯ್ತು, ಹಿಂದಿದ್ದ ಅಂಗಡಿ ಬೋರ್ಡ್ ಕಾಣಲ್ಲ ಅಂತ. ಆಫೀಸ್ ರಜಾ ದಿನ, ಹತ್ತು ಗಂಟೆ ಅಷ್ಟೊತ್ತಿಗೆ ತುಂಡು ತುಂಡು ಮಾಡಿ ಟ್ರ್ಯಾಕ್ಟರ್‌ಗೆ ಹಾಕಿ ಆಗಿತ್ತು. ಕೇಸ್ ಆಯ್ತು, ದಂಡ ಕಟ್ಟಿದ್ರು, ಈಗ ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಬಸ್ಸಿಗೆ ಕಾಯೋ ಗರ್ಭಿಣಿಯರು, ವಯಸ್ಸಾದೋರು ಅದೇ ಅಂಗಡಿ ಶೆಡ್ ನೆರಳಿಗೆ ಹೋಗಿ ಒತ್ಕೊಂಡು ನಿಲ್ತಾರೆ. ನಮ್ಮ ಬಯಲುಸೀಮೇಲಿ ಒಂದು ಬೇವು ಅಷ್ಟು ಅಗಲ ನೆರಳು ಕೊಡೋ ಹಾಗೆ ಬೆಳೆಯೋಕೆ ಎಷ್ಟು ವರ್ಷ ಬೇಕು ಅಂತ ನೀವೇ ಯೋಚನೆ ಮಾಡಿ. ನನಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಲೈನ್ ಕೆಳಗಿನ ಮರಗಳದ್ದು ಬೇರೆ ತಲೆನೋವು, ಮಳೆಗಾಲದ ಮುಂಚೆ ಕರೆಂಟಿನವರು ಬಂದು ಒಂದೇ ಕಡೆ ಸವರಿ ಹೋಗ್ತಾರೆ, ಮರ ಇನ್ನೊಂದು ಕಡೆ ಭಾರ ಆಗಿ ವಾಲುತ್ತೆ. ಲೈನ್ ಕೆಳಗೆ ನೆಡೋವಾಗಲೇ ನುಗ್ಗೆ, ಸೀಬೆ ಥರದ್ದು ನೆಟ್ರೆ ಈ ಗೋಳು ಇರಲ್ಲ. ನರೇಗಾದಲ್ಲಿ ಗಿಡ ಬಂದ ದಿನ ಯಾವ ಗಿಡ ಎಲ್ಲಿ ಅಂತ ಯಾರೂ ನೋಡ್ತಿರಲಿಲ್ಲ, ಗುಂಡಿ ತೆಗೆದಲ್ಲಿ ಇಟ್ಟು ಫೋಟೋ ತೆಗೆದ್ರೆ ಮುಗೀತಿತ್ತು.

ಮರಕ್ಕಿಂತ ಸೂಕ್ಷ್ಮ ಅಂದ್ರೆ ಕಟ್ಟೆ. ನಮ್ಮೂರಲ್ಲಿ ಅರಳಿ ಬೇವು ಜೋಡಿ ಇರೋ ಹಳೇ ಕಟ್ಟೆ ಇದೆ, ಕಲ್ಲು ಚಪ್ಪಡಿ, ಒಂದು ಮೂಲೇಲಿ ನಾಗರಕಲ್ಲು. ಹುಡುಗರ ಸಂಘದೋರು ದುಡ್ಡು ಕೂಡಿಸಿ ಅದಕ್ಕೆ ಟೈಲ್ಸ್ ಹಾಕಿ, ಮೇಲೆ ಶೀಟ್ ಹೊದಿಸಿ, ಸುತ್ತ ಗ್ರಿಲ್ ಮಾಡಿ ಗೇಟ್ ಇಡ್ತೀವಿ ಅಂತ ಬಂದ್ರು, ಪಂಚಾಯ್ತಿಯಿಂದ ಒಪ್ಪಿಗೆ ಕೊಡಿ ಅಂತ. ಒಳ್ಳೇ ಮನಸ್ಸಿಂದಲೇ ಬಂದಿದ್ರು, ಕುಡಿದು ಬಂದು ಮಲಗ್ತಾರೆ, ಗಲೀಜು ಮಾಡ್ತಾರೆ ಅನ್ನೋದು ಅವರ ದೂರು, ಅದೂ ಸುಳ್ಳಲ್ಲ. ಅಷ್ಟರಲ್ಲಿ ಕೆಳಗಿನ ಕೇರಿಯ ಒಬ್ಬ ಯಜಮಾನರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ್ರು, "ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ ಸ್ವಾಮಿ?"

ಸಭೆ ಸ್ವಲ್ಪ ಹೊತ್ತು ಸುಮ್ನಾಯ್ತು. ಯಾಕಂದ್ರೆ ಎಲ್ಲರಿಗೂ ಗೊತ್ತು, ಅವರ ಅಪ್ಪನ ಕಾಲದಲ್ಲಿ ಆ ಕಟ್ಟೆ ಮೇಲೆ ಅವರು ಕೂರೋ ಹಾಗಿರಲಿಲ್ಲ, ಕೆಳಗೆ ನಿಂತು ಮಾತಾಡಬೇಕಿತ್ತು. ಈಗ ಅವರ ಮೊಮ್ಮಕ್ಕಳು ಅಲ್ಲಿ ಕೂತು ಮೊಬೈಲ್ ನೋಡ್ತಾರೆ. ಗೇಟ್ ಬಂದ್ರೆ ಬೀಗ ಬರುತ್ತೆ, ಬೀಗ ಬಂದ್ರೆ ಯಜಮಾನಿಕೆ ಬರುತ್ತೆ. ಸಾರ್ವಜನಿಕ ಜಾಗ ಅಂದ್ರೆ ನನ್ನ ಲೆಕ್ಕದಲ್ಲಿ ಇಷ್ಟೇ, ಅಲ್ಲಿ ಹೋಗಿ ಕೂರೋಕೆ ಯಾರನ್ನೂ ಕೇಳಬೇಕಾಗಿರಬಾರದು. ಇನ್ನೊಂದು ಭಯನೂ ಇತ್ತು, ಶೀಟ್ ಹಾಕಿದ ಮೇಲೆ ನಿಧಾನಕ್ಕೆ ಗೋಡೆ ಏಳುತ್ತೆ, ಗುಡಿ ಆಗುತ್ತೆ, ಆಮೇಲೆ ಯಾರೂ ಮುಟ್ಟೋಕಾಗಲ್ಲ. ಬೀದಿ, ಪಾರ್ಕು, ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ದೆ ಹೊಸದಾಗಿ ಯಾವ ಧರ್ಮದ ಕಟ್ಟಡನೂ ಏಳಬಾರದು ಅಂತ 2009ರ ಸೆಪ್ಟೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ಅದನ್ನ ಸಭೇಲಿ ಓದಿ ಹೇಳಿದ್ರು. ಕೊನೆಗೆ ಗ್ರಿಲ್ ಬೇಡ, ಶೀಟ್ ಬೇಡ, ಸಡಿಲ ಆಗಿರೋ ಚಪ್ಪಡಿ ಮಾತ್ರ ಸರಿ ಮಾಡೋದು, ಬುಡದ ಸುತ್ತ ಮೊಳದಷ್ಟು ಮಣ್ಣು ಬಿಟ್ಟು ಸಿಮೆಂಟು ಹಾಕೋದು, ಒಂದು ಲೈಟ್ ಹಾಕೋದು ಅಂತಾಯ್ತು. ಲೈಟ್ ಬಂದ ಮೇಲೆ ರಾತ್ರಿ ಕುಡಿಯೋರು ಕಡಿಮೆ ಆದ್ರು. ಹುಡುಗರಿಗೆ ಬೇಜಾರಾಗಿತ್ತು, ಆದ್ರೆ ಚಪ್ಪಡಿ ಹೊತ್ತವರೂ ಅವರೇ.

ಮೆಕ್ಕೆಜೋಳದ ಕಾಲ ಬಂದ್ರೆ ರಸ್ತೆ ಜಗಳ ಶುರು. ನಮ್ಮ ಕಡೆ, ದಾವಣಗೆರೆ ಕಡೆ, ಎಲ್ಲಾ ಕಡೆ ಅದೇ, ರಸ್ತೆ ಅರ್ಧಕ್ಕೆ ಜೋಳ ಹರವಿ ಪಕ್ಕಕ್ಕೆ ಕಲ್ಲು ಇಡ್ತಾರೆ, ರಾತ್ರಿ ಬೈಕಿನೋರು ಬೀಳ್ತಾರೆ. ರೈತರನ್ನ ಬೈದು ಪ್ರಯೋಜನ ಇಲ್ಲ, ಕಣ ಇದ್ದ ಜಾಗ ಎಲ್ಲಾ ಸೈಟು ಆಗಿದೆ, ಅವರು ಎಲ್ಲಿ ಒಣಗಿಸಬೇಕು? ಸಾಮೂಹಿಕ ಒಕ್ಕಣೆ ಕಣ ಮಾಡಿಸೋಕೆ ನರೇಗಾದಲ್ಲಿ ಅವಕಾಶ ಇತ್ತು, ನಾವು ಮಾಡಿಸಿದ್ವಿ, ರಸ್ತೆ ಪೂರ್ತಿ ಖಾಲಿ ಆಗಲಿಲ್ಲ ಆದ್ರೆ ಸ್ಕೂಲ್ ತಿರುವಿನ ಹತ್ರ ಹರವೋದು ನಿಂತಿದೆ. ತಿಪ್ಪೆಗುಂಡಿ ಜಗಳ, ಬಣವೆ ಜಗಳ ಬರೆಯೋಕೆ ಹೋದ್ರೆ ಇನ್ನೊಂದು ಪೋಸ್ಟ್ ಬೇಕು.

ಇವೆಲ್ಲ ನೋಡಿ ನೋಡಿ ನಾನು ಕೇಳ್ತಿರೋದು ಒಂದೇ, ಜಗಳ ಬಂದ ಮೇಲೆ ಓಡಾಡೋ ಬದಲು ಊರಿನ ಮರ, ಕಟ್ಟೆ, ಕಣ, ದಾರಿ, ಗುಂಡುತೋಪು (ಊರಿಗೆಲ್ಲಾ ಸೇರಿದ ಮರದ ತೋಪು) ಎಲ್ಲಾ ಒಂದು ರಿಜಿಸ್ಟರ್‌ನಲ್ಲಿ ಚೆಕ್ಕುಬಂದಿ, ಅಂದ್ರೆ ನಾಲ್ಕೂ ಕಡೆ ಗಡಿ ಸಮೇತ ಬರೆದಿಡಿ, ಗ್ರಾಮಸಭೇಲಿ ಜೋರಾಗಿ ಓದಿ. ಆರು ತಿಂಗಳಿಗೆ ಒಂದಾದ್ರೂ ಗ್ರಾಮಸಭೆ ನಡೆಯಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೇಲೇ ಇದೆ. ಸಾಮಾಜಿಕ ಅರಣ್ಯ ಅನ್ನೋದು ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಒಂದು, ಪಂಚಾಯ್ತಿಗಳಿಗೆ ಕೊಡಬೇಕಾದ ಕೆಲಸದ ಪಟ್ಟಿ ಅದು, ಅಂದ್ರೆ ಇದು ನಮ್ಮ ಕೆಲಸ ಅಲ್ಲ ಅನ್ನೋಕಾಗಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ ಗಿಡ ದಾಖಲೆ ಮಾಡೋದು ಅದರ ಕೆಲಸ. ನಿಮ್ಮ ಪಂಚಾಯ್ತಿ ಸಮಿತೀಲಿ ಯಾರಿದಾರೆ ಅಂತ ಹೋಗಿ ಕೇಳಿ ನೋಡಿ. ದೇವನಹಳ್ಳಿ ಹತ್ರ ನಲ್ಲೂರಿನ ಹುಣಸೆ ತೋಪು ಇದೆಯಲ್ಲ, 2007ರಲ್ಲಿ ಇದೇ ಕಾಯ್ದೆಯಡಿ ದೇಶದ ಮೊದಲನೇ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು. ಅದೂ ಹುಣಸೆ ಮರನೇ, ನಮ್ಮೂರಲ್ಲಿ ದೆವ್ವ ಇದೆ ಅಂತ ಕಡಿಯೋಕೆ ಹೊರಟ ಜಾತಿ ಮರ.

ರಿಜಿಸ್ಟರ್ ಬರೆಯೋಕೆ ಕೂತಾಗಲೇ ನಮಗೆ ಗುಂಡುತೋಪಿನ ವಿಷಯ ಗೊತ್ತಾಗಿದ್ದು. ಪಹಣೀಲಿ ಸರ್ಕಾರಿ ಗುಂಡುತೋಪು ಅಂತ ಇರೋ ಜಾಗಕ್ಕೂ ಕಣ್ಣಿಗೆ ಕಾಣೋ ಜಾಗಕ್ಕೂ ತಾಳೆ ಆಗಲ್ಲ, ಎರಡೂ ಕಡೆಯಿಂದ ಉಳುಮೆ ಒಳಗೆ ಬಂದಿದೆ, ವರ್ಷ ವರ್ಷ ಒಂದೊಂದು ಸಾಲು. ಗೋಮಾಳ, ಅಂದ್ರೆ ದನ ಮೇಯಿಸೋ ಸರ್ಕಾರಿ ಜಾಗದ್ದೂ ಇದೇ ಕಥೆ, ನೂರು ದನಕ್ಕೆ 30 ಎಕರೆ ಇರಬೇಕು ಅಂತ ಕಂದಾಯ ನಿಯಮದಲ್ಲಿದೆ, ಇರೋ ಊರು ಎಷ್ಟಿವೆ? ಊರಿನ ಸಾಮೂಹಿಕ ಜಾಗ ಒತ್ತುವರಿ ಆಗಿದ್ರೆ ತೆರವು ಮಾಡಿ ಊರಿಗೇ ವಾಪಸ್ ಕೊಡಿಸಬೇಕು, ತುಂಬಾ ವರ್ಷದಿಂದ ಅನುಭವದಲ್ಲಿದೀವಿ, ಖರ್ಚು ಮಾಡಿ ಕಟ್ಟಿದೀವಿ ಅನ್ನೋದು ಕಾರಣ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಜನವರೀಲಿ ಜಗಪಾಲ್ ಸಿಂಗ್ ಕೇಸಲ್ಲಿ ಎಲ್ಲಾ ರಾಜ್ಯಕ್ಕೂ ಹೇಳಿದೆ. ಆದ್ರೆ ಆ ಎರಡೂ ಕಡೆ ಜಮೀನಿನೋರು ನಮ್ಮ ಊರಿನೋರೇ, ಒಬ್ಬರು ನಮಗೆ ನೆಂಟರು. ಅವರ ಮನೆಗೆ ಹೋಗಿ ಹೇಳಿ ಬಂದೆ, "ಮಾವ, ನಿಮ್ಮ ಮೇಲೆ ದ್ವೇಷ ಇಲ್ಲ, ಅಳತೆ ಆಗಲಿ, ಗಡಿಯ ಬಾಂದು ಕಲ್ಲು ಎಲ್ಲಿ ಬರುತ್ತೋ ಅಲ್ಲಿಗೆ ಇಬ್ಬರೂ ಒಪ್ಪಣ" ಅಂತ. ಅವರು ಹೂಂ ಅನ್ನಲಿಲ್ಲ, ಊಹೂಂ ಅಂತನೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದ್ರು.

ಪಂಚಾಯ್ತಿಯಿಂದ ಅಳತೆಗೆ ಬರೆದಾಗಿದೆ, ಸರ್ವೆಯರ್ ಬರೋ ದಿನ ಎರಡೂ ಕಡೆಯವರಿಗೆ ನೋಟಿಸ್ ಬರುತ್ತೆ. ಅವತ್ತು ಮೆಂಬರ್‌ಗಳು ಪಿಡಿಒ ಮಾತ್ರ ಇದ್ರೆ ಸಾಲದು, ದನ ಕಾಯೋರು, ತೋಪಲ್ಲಿ ಹುಣಸೆ ಬಡಿಯೋ ಹೆಣ್ಮಕ್ಕಳು, ಹಳೇ ಬಾಂದು ಕಲ್ಲು ಎಲ್ಲಿತ್ತು ಅಂತ ನೆನಪಿರೋ ವಯಸ್ಸಾದೋರು ಎಲ್ಲಾ ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಬರಬೇಕು, ಮಹಜರ್‌ಗೆ ಸಹಿ ಹಾಕಬೇಕು. ಅದನ್ನೇ ಈಗ ಮನೆ ಮನೆಗೆ ಹೋಗಿ ಹೇಳ್ತಾ ಇದೀನಿ.