ಶಿಂಗ್ರೋಬಾನ ಎದುರು ನಿಂತ ಪದ್ಮಿನಿ

ಪುಣೆಗೆ ಹೋಗಿದ್ದು ಗೃಹಪ್ರವೇಶಕ್ಕೆ. ಊಟ ಚೆನ್ನಾಗಿತ್ತು, ಅಷ್ಟೇ. ನನಗೆ ಬರೆಯಬೇಕು ಅನ್ನಿಸಿದ್ದು ದಾರಿಯ ಬಗ್ಗೆ.

ಮುಂಬೈಯ ಮಾಟುಂಗಾದಿಂದ ಎರಡು ಕಾರು ಹೊರಟವು. ಒಂದು ಮಾವನ 1986ರ ಪ್ರೀಮಿಯರ್ ಪದ್ಮಿನಿ, ಇನ್ನೊಂದು ಅವರ ಮಗನ ಸ್ವಿಫ್ಟ್. ನಾನು ಹಟ ಹಿಡಿದು ಪದ್ಮಿನಿ ಹತ್ತಿದೆ. ಕುರ್ಲಾದಲ್ಲೇ ತಯಾರಾದ ಕಾರು ಅದು. ಮುಂಬೈಯ ಕಪ್ಪು-ಹಳದಿ ಕಾಲಿ-ಪೀಲಿ ಟ್ಯಾಕ್ಸಿ ಅಂದರೆ ನಮಗೆಲ್ಲ ಇದೇ ಆಗಿತ್ತು ಅಲ್ವಾ? ಟ್ಯಾಕ್ಸಿಗಳಿಗಿದ್ದ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಆವತ್ತು ನನಗೆ ನಿಜವಾಗಿ ಬೇಜಾರಾಗಿತ್ತು.

ಸ್ವಿಫ್ಟ್ ಎಕ್ಸ್‌ಪ್ರೆಸ್‌ವೇ ಹಿಡಿಯಿತು. ನಾವು ಪನ್ವೇಲ್ ದಾಟಿ, ಖೋಪೋಲಿ ಮೇಲೆ ಹಳೇ ಘಾಟ್ ರಸ್ತೆಗೆ ಬಂದೆವು. ಎಂಜಿನ್ 1089 ಸಿಸಿ, ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. ಸ್ಟೀರಿಂಗ್ ಪಕ್ಕದ ಗೇರನ್ನು ಮಾವ ಎರಡನೆಯದಕ್ಕೆ ಇಳಿಸಿದರು. ತಿರುವಿನಲ್ಲಿ ಅವರ ಇಡೀ ಮೈ ತಿರುಗುತ್ತಿತ್ತು. ಮೂಲೆಯ ಚಿಕ್ಕ ತ್ರಿಕೋನ ಗಾಜು ತೆರೆದರೆ ಗಾಳಿ ನೇರ ಮುಖಕ್ಕೆ. ಆ ಗಾಳಿಯ ಮುಂದೆ ಯಾವ ಎಸಿಯೂ ನನಗೆ ಬೇಡ.

ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಶಿಂಗ್ರೋಬಾ ಗುಡಿಯ ಹತ್ತಿರ ನಿಲ್ಲಿಸಿದೆವು. ಬಾನೆಟ್ ಎತ್ತಿದರೆ, ಎಂಜಿನ್ ತಂಪು ಮಾಡುವ ಫ್ಯಾನ್ ತಿರುಗಿಸುವ ಅದೇ ಹಳೇ ಬೆಲ್ಟ್, ಸಡಿಲವಾಗಿ ಜಾರುತ್ತಿದೆ. ಹಿಂದಿನ ದಿನ ಗ್ಯಾರೇಜಿನವನು ಹೊಸದು ಹಾಕಿದೆ ಅಂತ ದುಡ್ಡು ತಗೊಂಡಿದ್ದ! ಹಳೇ ಕಾರಲ್ಲಿ ಘಾಟ್ ಹತ್ತುವವರು ದಯವಿಟ್ಟು ಹೊರಡುವ ಮೊದಲು ಬಾನೆಟ್ ತೆಗೆದು ಕಣ್ಣಾರೆ ನೋಡಿ. ಇನ್ನೊಂದು ಬೆಲ್ಟ್, ಐದು ಲೀಟರ್ ನೀರು ಜೊತೆಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ಮಾವ ಅದೇ ಬೆಲ್ಟಿನಿಂದ ತಿರುಗುವ ಡೈನಮೋದ ಬೋಲ್ಟ್ ಸಡಿಲಿಸಿ, ಅದನ್ನು ಹೊರಗೆಳೆದು ಬೆಲ್ಟ್ ಬಿಗಿ ಮಾಡಿದರು. ಆಮೇಲೆ ತಣ್ಣಗಾಗಲಿ ಅಂತ ಕಾಯುತ್ತಾ ಕೂತೆವು. ಈ ಶಿಂಗ್ರೋಬಾ ಒಬ್ಬ ಕುರುಬ, ಬ್ರಿಟಿಷರಿಗೆ ಈ ಘಟ್ಟದ ದಾರಿ ತೋರಿಸಿದವನು ಅಂತ ಜನ ನಂಬುತ್ತಾರೆ. ಹೋಗುವ ಗಾಡಿಗಳಿಂದ ನಾಣ್ಯ ಬೀಳುತ್ತಲೇ ಇರುತ್ತದೆ.

"ನಿಮ್ಮತ್ತೆ ಪ್ರತಿ ಸಲ ಇಲ್ಲಿ ನಿಲ್ಲಿಸಿ ಅಂತಿದ್ದಳು," ಅಂದರು ಮಾವ. "ಗಾಡಿಯಿಂದ ಎಸೆಯುವುದು ಅವಳಿಗೆ ಆಗದು. ಇಳಿದು, ಕೈ ಮುಗಿದು, ನಾಣ್ಯ ಇಟ್ಟೇ ಬರಬೇಕು."

"ನಾನೂ ಇರ್ತಿದ್ದೆ ಅಲ್ವಾ ಮಾವ?"

"ಹೌದು. ಮುಂದೆಯೇ, ನಮ್ಮಿಬ್ಬರ ಮಧ್ಯೆ ಕೂರ್ತಿದ್ದೆ. ಬೆಂಚ್ ಸೀಟು ನೋಡು, ಕಾಲಿಗೆ ಗೇರೂ ಅಡ್ಡ ಬರಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳು ಇಳಿದು ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗ್ತಿತ್ತು ಮಾರಾಯ. ಅವಳಿದ್ದಾಗ ಒಂದು ಸಲವೂ ಗಾಡಿ ಬಿಸಿಯಾಗಿದ್ದಿಲ್ಲ. ಅವಳು ಹೋದ ಮೇಲೆ ನಾನು ಇಲ್ಲಿ ನಿಲ್ಲಿಸಿಯೇ ಇರಲಿಲ್ಲ."

ನನಗೆ ಮಾತು ಬರಲಿಲ್ಲ. ಇಬ್ಬರೂ ಹೋಗಿ ನಾಣ್ಯ ಇಟ್ಟು ಬಂದೆವು.

ವಾಪಸ್ ಸ್ವಿಫ್ಟ್‌ನಲ್ಲಿ ಬಂದೆ. ಜೋರು ಮಳೆ. ಎಬಿಎಸ್, ಏರ್‌ಬ್ಯಾಗ್ ಇರುವ ಕಾರಲ್ಲಿ ಭಯ ಆಗಲಿಲ್ಲ. ಪದ್ಮಿನಿಯದು ನಾಲ್ಕೂ ಚಕ್ರಕ್ಕೆ ಹಳೇ ಮಾದರಿಯ ಡ್ರಮ್ ಬ್ರೇಕ್, ಅಂಥ ಮಳೆಯಲ್ಲಿ ಮಕ್ಕಳನ್ನು ಅದರಲ್ಲಿ ನಾನು ಕೂರಿಸಲ್ಲ. ಆದರೆ ಘಾಟ್ ಯಾವಾಗ ಶುರುವಾಗಿ ಯಾವಾಗ ಮುಗಿಯಿತೋ ಗೊತ್ತೇ ಆಗಲಿಲ್ಲ.

ಮಾವ ಮಳೆ ನಿಂತ ಮೇಲೆ, ಮಾರನೇ ದಿನ ಬಂದರು. ಮುಂದಿನ ಭಾನುವಾರ ಹೊಸ ಬೆಲ್ಟ್ ತಂದೆ. ಅವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ನಾನೇ ಹಾಕಿದೆ.