ಬೌನ್ ಬೀದಿಯಲ್ಲಿ ಕೇಳಿದ ಮಾತು

"ಅವರ ಅರ್ಜಿಗೆ ನಾವೇಕೆ ಸಹಿ ಹಾಕಬೇಕು? ನಾವೇನು ಅವರ ಮತದವರೇ?"

ಭಾನುವಾರ ನ್ಯೂಯಾರ್ಕಿನ ಫ್ಲಶಿಂಗ್‌ನ ಬೌನ್ ಬೀದಿಯಲ್ಲಿರುವ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ ಪರಿಚಯದ ಹಿರಿಯರೊಬ್ಬರು ಹೀಗೆಂದರು. ಅವರ ಬಡಾವಣೆಯ ಒಂದು ಮನೆಯಲ್ಲಿ ಬೇರೆ ಮತದವರು ಪ್ರಾರ್ಥನೆಗೆ ಸೇರುತ್ತಾರಂತೆ. ನೆರೆಯವರ ತಕರಾರಿದೆ, ಅದಕ್ಕೆ ಆ ಮತದವರು ಬೆಂಬಲ ಕೋರಿ ಅರ್ಜಿಗೆ ಸಹಿ ಕೇಳುತ್ತಿದ್ದಾರೆ. ಹಿರಿಯರು ಕೆಟ್ಟವರಲ್ಲ, ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಬಾಡಿಗೆ ಮನೆ ಹುಡುಕಿಕೊಡಲು ರಜೆ ಹಾಕಿ ಓಡಾಡುವವರು. ಅಂಥವರ ಬಾಯಿಂದ ಬಂದದ್ದಕ್ಕೇ ಆ ಮಾತು ವಾರವಿಡೀ ಚುಚ್ಚುತ್ತಿದೆ. ಅದೂ ಬೌನ್ ಬೀದಿಯಲ್ಲಿ ಕುಳಿತು!

ಮಟಿನೆಕಾಕ್ ಮೂಲನಿವಾಸಿಗಳಿದ್ದ ಈ ನೆಲದಲ್ಲಿ ಊರು ಕಟ್ಟಲು ಡಚ್ ಗವರ್ನರ್ ವಿಲೆಂ ಕೀಫ್ಟ್ 1645ರಲ್ಲಿ ಸನ್ನದು ಕೊಟ್ಟ. ಫ್ಲಶಿಂಗ್ ಎಂಬ ಹೆಸರು ಹಾಲೆಂಡಿನ ಬಂದರು ವ್ಲಿಸ್ಸಿಂಗನ್‌ನದು, ನೆಲೆಸಿದವರು ಇಂಗ್ಲಿಷರು. ಹಾಲೆಂಡಿನ ರೂಢಿಯಂತೆ ಆತ್ಮಸಾಕ್ಷಿಯ ಸ್ವಾತಂತ್ರ್ಯವಿರುತ್ತದೆ ಎಂದು ಸನ್ನದಿನಲ್ಲೇ ಬರೆದಿತ್ತು. ಆಮೇಲೆ ಬಂದ ಗವರ್ನರ್ ಪೀಟರ್ ಸ್ಟೈವೆಸೆಂಟ್, ಕ್ವೇಕರರೆಂಬ ಕ್ರೈಸ್ತ ಪಂಥದವರಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ದಂಡ ಎಂದು ಸಾರಿದ. ಅವನು ಗಟ್ಟಿ ಆಡಳಿತಗಾರನೆಂದು ಹೊಗಳುವವರಿದ್ದಾರೆ. ನನಗೆ ಅವನ ಮೇಲೆ ಎಳ್ಳಷ್ಟೂ ಗೌರವವಿಲ್ಲ.

1657ರ ಡಿಸೆಂಬರ್ 27ರಂದು ಊರಿನ ಸುಮಾರು 30 ಮಂದಿ ಅವನಿಗೊಂದು ಪ್ರತಿಭಟನಾ ಪತ್ರ ಬರೆದರು. ಬಾಗಿಲಿಗೆ ಬಂದವರನ್ನು ನಾವು ಹೊರದೂಡಲಾರೆವು ಎಂಬುದು ಅದರ ಸಾರ. ಪ್ರೀತಿಯ ನಿಯಮ ಯೆಹೂದ್ಯರು, ತುರ್ಕರು, ಈಜಿಪ್ಟಿನವರಿಗೂ ಸಲ್ಲುತ್ತದೆ ಎಂದೂ ಅದರಲ್ಲಿತ್ತು. ಸಹಿ ಹಾಕಿದವರಲ್ಲಿ ಒಬ್ಬನೂ ಕ್ವೇಕರನಲ್ಲ.

ನಾವೇನು ಅವರ ಮತದವರೇ? ಅಲ್ಲ. ಆ ಸಹಿಗಳ ತೂಕವಿರುವುದೇ ಅದರಲ್ಲಿ. ತನ್ನ ಗುಡಿಗಾಗಿ ಯಾರು ಬೇಕಾದರೂ ಸಹಿ ಹಾಕಿಯಾರು.

1662ರಲ್ಲಿ ಜಾನ್ ಬೌನ್ ತನ್ನ ಮನೆಯಲ್ಲಿ ಕ್ವೇಕರರ ಸಭೆ ನಡೆಸಿ ಸೆರೆಯಾದ. ದಂಡ ಕಟ್ಟಲೊಪ್ಪದೆ ಗಡೀಪಾರಾಗಿ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಈ ವಸಾಹತನ್ನು ಆಳುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮುಂದೆ ವಾದಿಸಿದ. ಜನರ ಆತ್ಮಸಾಕ್ಷಿಯನ್ನು ಕೆಣಕಬೇಡ ಎಂದು 1663ರಲ್ಲಿ ಕಂಪನಿ ಸ್ಟೈವೆಸೆಂಟನಿಗೆ ಬರೆಯಿತು. ವಸಾಹತಿಗೆ ಜನ ಬೇಕು ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ಮರುವರ್ಷ ಇಂಗ್ಲಿಷರು ಇಡೀ ವಸಾಹತನ್ನೇ ವಶಪಡಿಸಿಕೊಂಡರು. ಬೌನ್‌ನ ಮನೆ ಇಂದಿಗೂ ನಿಂತಿದೆ. ಅದೇ ಬೀದಿಯಲ್ಲಿ 1977ರಲ್ಲಿ ನಮ್ಮ ಗಣಪತಿಗೆ ಕುಂಭಾಭಿಷೇಕವಾಯಿತು.

ಹಿರಿಯರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಆ ಸಹಿ ಹಾಕಿದವರಿಗೆ ಏನಾಯಿತು?" ಎಂದು ಕೇಳಿದರು. ನಿಜವನ್ನೇ ಹೇಳಿದೆ: ಪತ್ರ ಬರೆದ ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್ ಜೈಲಿಗೆ ಹೋದ, ಕ್ಷಮೆ ಬೇಡಿ ಹೊರಬಂದ. "ನೋಡಿದಿರಾ!" ಎಂದರು ಅವರು.

ನೋಡಿದೆ. ಆದರೂ ಹಾರ್ಟ್‌ನನ್ನು ಹೇಡಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಚಳಿಗಾಲದ ಸೆರೆಯಲ್ಲಿದ್ದ ಬಡ ಗುಮಾಸ್ತ ಅವನು. ಕ್ಷಮೆ ಬೇಡಿದ್ದರಿಂದ ಅವನು ಬರೆದದ್ದು ಅಳಿಸಿಹೋಗಲಿಲ್ಲ. 1911ರ ಬೆಂಕಿಯಲ್ಲಿ ಅಂಚು ಸುಟ್ಟ ಆ ಪತ್ರ ನ್ಯೂಯಾರ್ಕ್ ರಾಜ್ಯದ ದಾಖಲೆ ಭಂಡಾರದಲ್ಲಿದೆ. ಹಿರಿಯರು ಇನ್ನೂ ಸಹಿ ಹಾಕಿಲ್ಲ. ನಾನು ಮತ್ತೆ ಕೇಳುತ್ತೇನೆ.